ಬಾಪನ ಲಾರಿಗೊಬ್ಬ ಹೊಸ ಧಣಿ

ಉಪ್ಪಿನಂಗಡಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿ ನಮ್ಮ ಮನೆ. ಮನೆಯ ಹಿಂದೆ ಒಂದು ಹಂಚಿನ ಶೆಡ್ ಉಂಟು. ಅದರ ಅರ್ಧದಲ್ಲಿ ಬೈಹುಲ್ಲು, ಸೌದೆ, ತೆಂಗಿನ ಮಡಲು. ಉಳಿದರ್ಧದಲ್ಲಿ ಬಾಪನ ಲಾರಿ. 2001ರ ಮಳೆಗಾಲಕ್ಕೆ ಮೊದಲು ಬಾಪ ಅದನ್ನು ಹಿಮ್ಮುಖವಾಗಿ ಒಳಗೆ ತಂದು ನಿಲ್ಲಿಸಿದವರು ಮತ್ತೆ ಹೊರಗೆ ತೆಗೆಯಲಿಲ್ಲ. 2019ರಲ್ಲಿ ಬಾಪ ತೀರಿಕೊಂಡರು. ಲಾರಿ ಅಲ್ಲೇ ಉಳಿಯಿತು.

ನಾವು ಐದು ಮಂದಿ ಮಕ್ಕಳು. ಮೂವರು ಹೆಣ್ಣು, ಇಬ್ಬರು ಗಂಡು. ಬಾಪ ಹೋದ ಮೇಲೆ ತೋಟ, ಮನೆ, ಬ್ಯಾಂಕಿನಲ್ಲಿದ್ದ ಸ್ವಲ್ಪ ಹಣ ಎಲ್ಲವನ್ನೂ ಕೂತು ಮಾತಾಡಿ ಪಾಲು ಮಾಡಿದೆವು. ಲಾರಿಯ ವಿಷಯ ಯಾರೂ ಎತ್ತಲಿಲ್ಲ. ಅದು ಆಸ್ತಿ ಎಂದು ನಮಗೆ ಅನಿಸಿರಲೇ ಇಲ್ಲ. ಕೋಳಿಗಳು ಅದರ ಕೆಳಗೆ ಮೊಟ್ಟೆ ಇಡುತ್ತಿದ್ದವು. ಮೊಮ್ಮಕ್ಕಳು ಸ್ಟೇರಿಂಗ್ ಹಿಡಿದು ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದರು. ಮನೆಗೆ ಬಂದವರು, "ಇದೆಂತ ಮಾರಾಯ್ರೆ, ಇನ್ನೂ ಇಟ್ಟುಕೊಂಡಿದ್ದೀರಾ?" ಎಂದು ಕೇಳಿದರೆ ಉಮ್ಮ ಉತ್ತರ ಕೊಡದೆ ಚಹಾ ತರಲು ಒಳಗೆ ಹೋಗುತ್ತಿದ್ದರು.

ದಮ್ಮಾಮಿನಲ್ಲಿದ್ದ ತಮ್ಮ ಊರಿಗೆ ಬಂದು ನೆಲೆಸುವುದೆಂದು ತೀರ್ಮಾನ ಮಾಡಿದ ಮೇಲೆ ಮಾತು ಸುರುವಾಯಿತು. ಅವನ ಪಾಲಿಗೆ ಬಂದದ್ದು ಶೆಡ್ ಇರುವ ಜಾಗ. ಮಳೆಗೆ ಮೊದಲು ಪಂಚಾಂಗ ಹಾಕಬೇಕು. ಲಾರಿ ಹೋಗಬೇಕು. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಬೆಂಜ್ ಎಂಬ ಹೆಸರು

ಬಾಪನ ಲಾರಿ 1968ರ ಟಾಟಾ ಮರ್ಸಿಡಿಸ್ ಬೆಂಜ್, 1210. ಊರಿನವರಿಗೆ ಅದು 'ಬೆಂಜ್ ಲಾರಿ'. ಈಗಿನ ಮಕ್ಕಳಿಗೆ ಬೆಂಜ್ ಎಂದರೆ ಗಲ್ಫಿನ ಅರಬಿಗಳ ಕಾರು. ಲಾರಿಗೆ ಆ ಹೆಸರು ಹೇಗೆ ಬಂತು ಎಂದು ಅವರು ಕೇಳುತ್ತಾರೆ. ಜಮ್ಶೆಡ್‌ಪುರದ ಟೆಲ್ಕೊ ಕಂಪೆನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿ ಲಾರಿ ತಯಾರಿಸಲು ಸುರು ಮಾಡಿತು. ಆ ಕಾಲದ ಲಾರಿಗಳ ಮೂತಿಯ ಮೇಲೆ ಮೂರು ಕಾಲಿನ ನಕ್ಷತ್ರ ಇರುತ್ತಿತ್ತು. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಬಾಪನದ್ದು ನಕ್ಷತ್ರ ಇದ್ದ ಕೊನೆಯ ಲಾರಿಗಳಲ್ಲಿ ಒಂದು. 1210 ಎಂಬ ನಂಬರಿನಲ್ಲೂ ಅರ್ಥ ಉಂಟು. 12 ಎಂದರೆ ಲೋಡು ಸೇರಿ ಸುಮಾರು 12 ಟನ್ ತೂಕ, 10 ಎಂದರೆ ಸುಮಾರು 100 ಅಶ್ವಶಕ್ತಿ. ಈಗಿನ ಲಾರಿಗಳ ಮುಂದೆ ಅದೇನೂ ಅಲ್ಲ. ಅಂದಿಗೆ ಅದೇ ದೊಡ್ಡದು.

ಬಾಪ ಅದನ್ನು ಕೊಂಡದ್ದು 1976ರಲ್ಲಿ, ಸೆಕೆಂಡ್ ಹ್ಯಾಂಡ್. ಅದಕ್ಕೆ ಮೊದಲು ಅವರು ಬೇರೆಯವರ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಉಮ್ಮನ ಎರಡು ಬಳೆ ಅಡವಿಟ್ಟು ಮುಂಗಡ ಕಟ್ಟಿದವರು. ಬಳೆಗಳು ಮೂರು ವರ್ಷದಲ್ಲಿ ಮನೆಗೆ ವಾಪಸಾದವು ಎಂದು ಉಮ್ಮ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ನಮ್ಮ ಸಮುದಾಯದಲ್ಲಿ ಇಂಥ ಕಥೆ ಹೊಸತಲ್ಲ. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎಂದು ಹಿರಿಯರು ಹೇಳುತ್ತಾರೆ. ವ್ಯಾಪಾರ ಎಂದರೆ ಅಂಗಡಿ ಮಾತ್ರ ಅಲ್ಲ, ಸಾಮಾನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುವುದೂ ವ್ಯಾಪಾರವೇ. ಬಂದರಿನ ಒಣಮೀನು, ಉಪ್ಪು, ನೇತ್ರಾವತಿ ದಡದ ಕಾರ್ಖಾನೆಗಳ ಹಂಚು ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನಕ್ಕೆ ಹೋಗುತ್ತಿದ್ದವು. ಅಲ್ಲಿಂದ ಆಲೂಗಡ್ಡೆ, ಏಲಕ್ಕಿ, ಕಾಫಿ ಕೆಳಗೆ ಇಳಿಯುತ್ತಿತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಸುರು ಮಾಡಿದ ಹಂಚಿನ ಉದ್ಯಮಕ್ಕೆ ಎಷ್ಟೋ ಮನೆಗಳ ಒಲೆ ಉರಿಸಿದ ಪುಣ್ಯ ಸಲ್ಲಬೇಕು. ಆ ಮನೆಗಳಲ್ಲಿ ನಮ್ಮದೂ ಒಂದು. ಬಾಪ ಹಂಚು ತುಂಬಿಸುವಾಗ ಸಾಲು ಸಾಲಿನ ನಡುವೆ ಬೈಹುಲ್ಲು ಇಡುತ್ತಿದ್ದರು. ಘಾಟಿಯ ತಿರುವಿನಲ್ಲಿ ಒಂದು ಹಂಚು ಒಡೆದರೂ ಅದರ ಹಣ ಬಾಡಿಗೆಯಲ್ಲಿ ಹೋಗುತ್ತಿತ್ತು.

ಆಮೇಲೆ ಮನೆಗಳಿಗೆ ಟೆರೇಸ್ ಬಂತು. ಹಂಚಿನ ಲೋಡು ಕಡಿಮೆಯಾಯಿತು. ದೊಡ್ಡ ಲಾರಿಗಳು, ಟಿಪ್ಪರ್‌ಗಳು ಬಂದವು. ಬಾಪನ ಮೊಣಕಾಲು ಕ್ಲಚ್ ಒತ್ತಲು ಕೇಳಲಿಲ್ಲ. ಒಂದು ದಿನ ಮನೆಗೆ ಬಂದು, "ಇನ್ನು ಸಾಕು" ಎಂದರು. ಅಷ್ಟೇ.

ಮೊದಲು ಬಂದವರು

ಮೊದಲು ನಾವು ಕರೆದದ್ದು ಗುಜರಿಯವರನ್ನು. ಬಂದವರು ನಮಗೆ ದೂರದ ಸಂಬಂಧಿಕರು. ಲಾರಿಯ ಸುತ್ತ ಎರಡು ಸುತ್ತು ಬಂದು, ಚೇಸಿಸ್‌ಗೆ ಕೀಲಿಕೈಯಿಂದ ಕುಟ್ಟಿ ಸದ್ದು ಕೇಳಿ, "1,35,000 ಕೊಡ್ತೇನೆ" ಎಂದರು. ಲಾರಿಯ ಕಬ್ಬಿಣದ ತೂಕ ಅಂದಾಜು ಮಾಡಿ ಹೇಳಿದ ನ್ಯಾಯದ ಬೆಲೆ ಅದು. ನಾವು ಒಪ್ಪಿಬಿಡುತ್ತಿದ್ದೆವು. ಆದರೆ ಅವರು ಬಗ್ಗಿ ಲಾರಿಯ ಅಡಿಗೆ ನೋಡಿದರು. ನೋಡಿ ಎದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇದನ್ನು ನಿಲ್ಲಿಸಿದ್ದು ಯಾರು?"

"ಬಾಪ."

"ನೋಡಿ, ಎರಡೂ ಆಕ್ಸಲಿನ ಅಡಿಗೆ ಕೆಂಪುಕಲ್ಲು ಕೊಟ್ಟು ಎತ್ತಿದ್ದಾರೆ. ಟಯರ್ ನೆಲ ಮುಟ್ಟಲಿಲ್ಲ. ರೇಡಿಯೇಟರ್ ಖಾಲಿ ಮಾಡಿದ್ದಾರೆ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿದ್ದಾರೆ. ಮುರಿಯಲಿಕ್ಕೆ ಅಂತ ಇಟ್ಟವರು ಹೀಗೆ ಇಡುವುದಿಲ್ಲ. ನನಗೆ ಕೊಡಿ, ಮೂರು ದಿನದಲ್ಲಿ ಗ್ಯಾಸ್ ಕಟ್ಟರಿನಲ್ಲಿ ಮುಗಿಸುತ್ತೇನೆ, ನನ್ನ ಕೆಲಸವೇ ಅದು. ಆದರೆ ಎರಡು ತಿಂಗಳು ಹುಡುಕಿ ನೋಡಿ. ಯಾರೂ ಸಿಗದಿದ್ದರೆ ನಾನು ಎಲ್ಲಿಗೂ ಓಡಿ ಹೋಗುವುದಿಲ್ಲ."

ಗುಜರಿ ವ್ಯಾಪಾರದವರ ಬಗ್ಗೆ ಊರಲ್ಲಿ ನೂರು ಮಾತು. ಕಬ್ಬಿಣ ಮಾತ್ರ ಕಾಣುವವರು ಎಂದು ತಮಾಷೆ ಮಾಡುವವರೂ ಇದ್ದಾರೆ. ನಮ್ಮ ಮನೆಯ ಅಂಗಳಕ್ಕೆ ಬಂದು, ಕೈಗೆ ಬಂದ ಲಾಭ ಬಿಟ್ಟು ಹೋದವರು ಅವರೇ.

ಹೋಗುವಾಗ ಇನ್ನೊಂದು ಮಾತನ್ನೂ ಹೇಳಿದರು. "ಯಾರಿಗೇ ಆಗಲಿ, ಮುರಿಯಲು ಕೊಟ್ಟರೆ ಆರ್‌ಸಿ ರದ್ದು ಮಾಡಿಸದೆ ಕೊಡಬೇಡಿ." ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ಗಾಡಿ ಮುರಿದು ಹೋದರೆ ಅಥವಾ ಇನ್ನು ಎಂದೂ ಓಡದ ಹಾಗೆ ಹಾಳಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಹಾಗೆ ಮಾಡದಿದ್ದರೆ ಗಾಡಿ ಕಾಗದದಲ್ಲಿ ಜೀವಂತ ಇರುತ್ತದೆ. ಆ ನಂಬರನ್ನು ನಾಳೆ ಯಾರಾದರೂ ಕಳವಿನ ಗಾಡಿಗೆ ಹಾಕಿದರೆ ಪೊಲೀಸರು ಮೊದಲು ಬರುವುದು ನಮ್ಮ ಮನೆಗೆ.

ಎರಡನೆಯವರು ಬಂದದ್ದು ಬೆಂಗಳೂರಿನಿಂದ. ಮಲೆನಾಡಿನಲ್ಲಿ ರೆಸಾರ್ಟ್ ಕಟ್ಟಿಸುತ್ತಿದ್ದವರು. 2,00,000 ಕೊಡುತ್ತೇನೆ ಎಂದರು. ಇಂಜಿನ್ ಬೇಡ. ಕ್ಯಾಬಿನ್ ಕತ್ತರಿಸಿ ಗೇಟಿನ ಪಕ್ಕ ನಿಲ್ಲಿಸಿ, ಬೋನೆಟ್ಟಿನಲ್ಲಿ ಮಣ್ಣು ತುಂಬಿ ಹೂವಿನ ಗಿಡ ನೆಡುವುದಂತೆ. ಫೋನಿನಲ್ಲಿ ಚಿತ್ರವನ್ನೂ ತೋರಿಸಿದರು. ಚಂದವೇ ಇತ್ತು. ಉಮ್ಮ ಕನ್ನಡಕ ಹಾಕಿ ನೋಡಿ, "ಇದರಲ್ಲಿ ಕೂತುಕೊಳ್ಳುವವರು ಯಾರು?" ಎಂದು ಕೇಳಿದರು. ಯಾರೂ ಇಲ್ಲ ಎಂದೆವು. ಉಮ್ಮ ಫೋನು ವಾಪಸು ಕೊಟ್ಟರು.

ನಮ್ಮ ಅಕ್ಕನ ಮಗ ಕಾಲೇಜು ಹುಡುಗ. ಅವನು, "50 ವರ್ಷ ದಾಟಿದೆಯಲ್ವಾ, ವಿಂಟೇಜ್ ಅಂತ ರಿಜಿಸ್ಟ್ರೇಷನ್ ಮಾಡಿಸಿ, ಬೆಲೆ ಏರುತ್ತದೆ" ಎಂದ. ವಿಚಾರಿಸಿದಾಗ ತಿಳಿಯಿತು. 2021ರಲ್ಲಿ ಬಂದ ಆ ನಿಯಮ ಸ್ವಂತಕ್ಕೆ ಬಳಸುವ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ದುಡಿದ ಲಾರಿ ಆ ಪಟ್ಟಿಯಲ್ಲಿ ಇಲ್ಲ. ಇನ್ನೊಬ್ಬರು, "15 ವರ್ಷ ಆದದ್ದನ್ನೆಲ್ಲ ಸರಕಾರ ಮುರಿಸುತ್ತದೆ, ಬೇಗ ಕೊಟ್ಟುಬಿಡಿ" ಎಂದು ಹೆದರಿಸಿದರು. ಅದೂ ಪೂರ್ತಿ ಸರಿಯಲ್ಲ. 2023ರ ಎಪ್ರಿಲ್ 1ರಿಂದ 15 ವರ್ಷ ದಾಟಿದರೆ ನೋಂದಣಿ ನವೀಕರಣ ಇಲ್ಲ ಎಂದಿರುವುದು ಸರಕಾರದ ಸ್ವಂತ ವಾಹನಗಳಿಗೆ. ನಮ್ಮ ನಿಮ್ಮ ಲಾರಿಗೆ ಎಫ್‌ಸಿ ಆಗಬೇಕು, ಅದೇ ಮುಖ್ಯ. ಎಫ್‌ಸಿ ಇಲ್ಲದ ಬಾಡಿಗೆ ವಾಹನ ಕಾನೂನಿನ ಕಣ್ಣಿನಲ್ಲಿ ನೋಂದಣಿಯೇ ಇಲ್ಲದ ಹಾಗೆ.

ತಗಡಿನ ಪೆಟ್ಟಿಗೆ

ಯಾರಿಗೇ ಕೊಡುವುದಾದರೂ ಕಾಗದ ಬೇಕಲ್ಲ. ಉಮ್ಮನ ಮಂಚದಡಿಯಿಂದ ಬಾಪನ ತಗಡಿನ ಪೆಟ್ಟಿಗೆ ಹೊರಬಂತು. ಶಾಲೆಗೆ ಹೋಗದ ಬಾಪ ಕಾಗದದ ವಿಷಯದಲ್ಲಿ ಎಷ್ಟು ಜಾಗ್ರತೆಯವರು ಎಂದು ಅಂದು ನಮಗೆ ಗೊತ್ತಾಯಿತು.

ಎಂ.ವೈ. ಅಕ್ಷರಗಳಿಂದ ಸುರುವಾಗುವ ನಂಬರಿನ, ಕೈಬರಹದ ಆರ್‌ಸಿ ಪುಸ್ತಕ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ್ದು. ಅದರಲ್ಲಿ ಫೈನಾನ್ಸ್‌ನವರ ಹೆಸರಿನ ಸೀಲು ಕಂಡು ಎದೆ ಧಸಕ್ಕೆಂದಿತು. ಆ ಫೈನಾನ್ಸ್ ಮುಚ್ಚಿ ಎಷ್ಟೋ ಕಾಲವಾಗಿದೆ, ಸಾಲ ತೀರಿದ ಪತ್ರ ಯಾರಿಂದ ತರುವುದು? ಪುಸ್ತಕವನ್ನು ಬಿಸಿಲಿಗೆ ಹಿಡಿದು ನೋಡಿದರೆ ಅದರ ಕೆಳಗೇ, ಮಸುಕಾಗಿ, ಸಾಲ ರದ್ದಾದ ಸೀಲು. ಬಾಪ ಕೊನೆಯ ಕಂತು ಕಟ್ಟಿದ ಕೂಡಲೇ ಹೋಗಿ ಹೊಡೆಸಿಕೊಂಡಿದ್ದರು. 2001ರಲ್ಲಿ ಲಾರಿ ಓಡಿಸುವುದಿಲ್ಲ ಎಂದು ಆರ್‌ಟಿಒಗೆ ಬರೆದುಕೊಟ್ಟ ಅರ್ಜಿಯ ನಕಲು, ಕಚೇರಿಯ ಮೊಹರಿನ ಜೊತೆ, ಮಡಚಿ ಇಟ್ಟಿದ್ದರು. ಇದಿಲ್ಲದಿದ್ದರೆ ಶೆಡ್ಡಿನಲ್ಲಿ ನಿಂತ ಲಾರಿಗೂ ತೆರಿಗೆ ಬಾಕಿ ಬೆಳೆಯುತ್ತಾ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಲಾರಿಯ ಬೆಲೆಗಿಂತ ಬಾಕಿಯೇ ದೊಡ್ಡದಾಗಿರುವುದು ಇದರಿಂದ.

ಪೆಟ್ಟಿಗೆಯ ತಳದಲ್ಲಿ ಒಂದು ಡೈರಿ. ಅಂಗಡಿಯಲ್ಲಿ ಸಿಗುವ ಉದ್ದದ ಲೆಕ್ಕದ ಪುಸ್ತಕ. ಡೀಸೆಲ್, ಟಯರ್, ಹಮಾಲಿ, ಊಟ. ಕೊನೆಯ ಪುಟದಲ್ಲಿ ಬೇರೆಯವರ ಕೈಯಲ್ಲಿ ಬರೆಸಿದ ಕನ್ನಡ ಅಕ್ಷರ, ಕೆಳಗೆ ಬಾಪನ ಸಹಿ:

"ಕ್ಲೀನರಿಗೆ 6 ತಿಂಗಳ ಸಂಬಳ ಬಾಕಿ. ತಿಂಗಳಿಗೆ 2,000. ಒಟ್ಟು 12,000. ಕೊಡಬೇಕು."

ಆ ಕ್ಲೀನರ್ ಇನ್ನೂ ಇದ್ದಾರೆ. ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್ ದೂರ. ಬಾಪನ ಜೊತೆ 22 ವರ್ಷ ಘಾಟಿ ಹತ್ತಿ ಇಳಿದವರು. ನಮಗೆ, ನಮ್ಮ ಮಕ್ಕಳಿಗೆ, ಎಲ್ಲರಿಗೂ ಅವರು 'ಕಾಕ'. ಬಾಪನ ಮಯ್ಯತ್ ಹೊತ್ತವರಲ್ಲಿ ಮೊದಲ ಹೆಗಲು ಅವರದ್ದು. ಅಂದೂ, ಆಮೇಲೂ ಬಾಕಿಯ ಸುದ್ದಿ ಎತ್ತಿದವರಲ್ಲ.

ಆ ರಾತ್ರಿ ನಮಗೆ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. 2019ರಲ್ಲಿ ಪಾಲು ಮಾಡುವಾಗ ಬಾಪನಿಗೆ ಸಾಲ ಇಲ್ಲ ಎಂದು ನಾವು ಐದೂ ಮಂದಿ ಒಂದೇ ಬಾಯಲ್ಲಿ ಹೇಳಿದ್ದೆವು. ಹೇಳುವ ಮೊದಲು ಈ ಪೆಟ್ಟಿಗೆ ತೆರೆದು ನೋಡಿರಲಿಲ್ಲ.

ಎಂಟು ಪಾಲು

ಮರುದಿನ ಉಸ್ತಾದರಲ್ಲಿ ಕೇಳಿದೆವು. ಅವರು ಹೇಳಿದ್ದು ನಮಗೆ ಗೊತ್ತಿದ್ದದ್ದೇ, ಆದರೆ ಗೊತ್ತಿದ್ದರೂ ಮಾಡದೆ ಬಿಟ್ಟದ್ದು. ತೀರಿಹೋದವರ ಸೊತ್ತಿನಿಂದ ಮೊದಲು ಕಫನ್ ದಫನ್‌ನ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯ್ಯತ್ ಇದ್ದರೆ ಅದು ಮೂರನೇ ಒಂದರ ಒಳಗೆ. ಉಳಿದದ್ದು ಮಾತ್ರ ವಾರಸುದಾರರಿಗೆ. ಕೂಲಿಯ ಬಾಕಿಯೂ ಸಾಲವೇ. "ಕಾಕ ಬಿಟ್ಟುಕೊಡಬಹುದು. ಆದರೆ ನೀವು ಎದುರಿಗೆ ಹಣ ಇಟ್ಟು, ಇದು ನಿಮ್ಮದು ಎಂದು ಹೇಳಿದ ಮೇಲೆ ಅವರು ಬಿಡಬೇಕು. ನೀವೇ ಮನಸ್ಸಿನಲ್ಲಿ ಬಿಡಿಸಿಕೊಂಡರೆ ಆಗುವುದಿಲ್ಲ."

ಇನ್ನೊಂದು ಮಾತನ್ನೂ ಕೇಳಿದರು. "ಲಾರಿ ಮಾರಲು ಹೊರಟಿದ್ದೀರಿ. ಅಕ್ಕ ತಂಗಿಯರನ್ನು ಕೇಳಿದ್ದೀರಾ?"

ಕೇಳಿರಲಿಲ್ಲ. ಗುಜರಿಯವರ ಜೊತೆ, ರೆಸಾರ್ಟಿನವರ ಜೊತೆ ಮಾತಾಡಿದ್ದು ಗಂಡುಮಕ್ಕಳು ಇಬ್ಬರೇ. ಲಾರಿ ಎಂದರೆ ಗಂಡಸರ ವಿಷಯ ಎಂದು ನಾವೇ ತೀರ್ಮಾನ ಮಾಡಿದ್ದೆವು. ಲೆಕ್ಕ ನೋಡಿದರೆ ಉಮ್ಮನಿಗೆ ಎಂಟರಲ್ಲಿ ಒಂದು ಪಾಲು. ಉಳಿದ ಏಳರಲ್ಲಿ ಮೂರು ಹೆಣ್ಣುಮಕ್ಕಳಿಗೆ ಒಂದೊಂದು, ಎರಡು ಗಂಡುಮಕ್ಕಳಿಗೆ ಎರಡೆರಡು. ಅಂದರೆ ಲಾರಿಯ ನಾಲ್ಕು ಚಕ್ರ ಗಂಡುಮಕ್ಕಳದ್ದಾದರೆ ಉಳಿದ ಅಷ್ಟೇ ಭಾಗ ಉಮ್ಮ ಮತ್ತು ಹೆಣ್ಣುಮಕ್ಕಳದ್ದು. ಸರಿ ಅರ್ಧ.

ಎಲ್ಲರನ್ನೂ ಕರೆದು ಕೂತೆವು. ಪತ್ತಿರಿ, ಕೋಳಿ ಸಾರು, ಆಮೇಲೆ ಸುಲೈಮಾನಿ. ದೊಡ್ಡಕ್ಕ ನೇರವಾಗಿ ಹೇಳಿದಳು: "ತೋಟದ ಪಾಲು ಕೊಡುವಾಗ ಕರೆದಿರಿ, ಅದಕ್ಕೆ ಕಾನೂನಿನ ಕಾಗದ ಬೇಕಿತ್ತು. ಲಾರಿಗೆ ಕರೆಯಲಿಲ್ಲ. ಆ ಲಾರಿಯ ನೆತ್ತಿಯ ಮೇಲೆ ಬರೆದ ಹೆಸರು ಯಾರದ್ದು?" ಕ್ಯಾಬಿನ್ನಿನ ಮೇಲೆ ಹಳದಿ ಬಣ್ಣದಲ್ಲಿ ಬರೆದದ್ದು ಅವಳದ್ದೇ ಹೆಸರು. ನಾವು ತಲೆ ತಗ್ಗಿಸಿದೆವು.

ಘಾಟಿಯ ಮೇಲಿನಿಂದ

ಹುಡುಕುವ ದಾರಿ ತೋರಿಸಿದ್ದು ಕಾಕ. "ಕೆಳಗೆ ಕೇಳಿ ಪ್ರಯೋಜನ ಇಲ್ಲ. ಇಲ್ಲಿ ಎಲ್ಲರಿಗೂ ಪಿಕ್‌ಅಪ್ ಬೇಕು. ಘಾಟಿಯ ಮೇಲಿನ ಗ್ಯಾರೇಜುಗಳಲ್ಲಿ ಹೇಳಿ. ತೋಟದೊಳಗೆ ಸೌದೆ, ಗೊಬ್ಬರ ಹೊರಲಿಕ್ಕೆ ಇಂಥದ್ದೇ ಬೇಕಾದವರು ಇದ್ದಾರೆ." ಸಕಲೇಶಪುರದವರೆಗಿನ ಮೂರು ಗ್ಯಾರೇಜುಗಳಲ್ಲಿ ಹೇಳಿ ಬಂದೆವು. ಹನ್ನೆರಡನೇ ದಿನ ಫೋನು ಬಂತು.

ಬಂದವರು ಸಣ್ಣ ಕಾಫಿ ಬೆಳೆಗಾರರು, ಐವತ್ತರ ಆಸುಪಾಸು. ಅವರ ತೋಟದಲ್ಲಿ ಇಂಥದ್ದೇ ಒಂದು ಬೆಂಜ್ ಲಾರಿ, ಅವರ ತಂದೆಯ ಕಾಲದ್ದು, ಇನ್ನೂ ಓಡುತ್ತಿದೆ. ಅವರು ಬೆಲೆ ಕೇಳಲಿಲ್ಲ. "ಸಾಹೇಬ್ರೆ, ಇಂಜಿನ್ ಕೈಯಲ್ಲಿ ತಿರುಗುತ್ತದಾ?" ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ.

ಜೊತೆಗೆ ತಂದಿದ್ದ ಮೆಕ್ಯಾನಿಕ್ ಎರಡು ದಿನ ನಮ್ಮ ಶೆಡ್ಡಿನಲ್ಲೇ ಇದ್ದರು. ಹಳೆಯ ಗಾಡಿ ಇಟ್ಟುಕೊಂಡವರಿಗೆ ಅವರ ಕೆಲಸದ ಕ್ರಮ ಉಪಯೋಗಕ್ಕೆ ಬಂದೀತು. ಬಂದವರೇ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯಲಿಲ್ಲ. ಹಾಗೆ ಮಾಡಿದರೆ ಒಣಗಿದ ಪಿಸ್ಟನ್ ರಿಂಗು ಸಿಲಿಂಡರಿಗೆ ಗೀರುತ್ತದಂತೆ. ಮೊದಲು ಇಂಜೆಕ್ಟರ್ ಬಿಚ್ಚಿ ಆರೂ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಇಟ್ಟರು. ಏರ್ ಕ್ಲೀನರ್ ಒಳಗೆ ಇಲಿಯ ಗೂಡು, ಅದನ್ನು ತೆಗೆದರು. ಟ್ಯಾಂಕಿನ ಹಳೆಯ ಡೀಸೆಲ್ ಅಂಟಿನ ಹಾಗೆ ಆಗಿತ್ತು, ಪೂರ್ತಿ ಇಳಿಸಿ ತೊಳೆದರು. ಇಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿದರು. ಮರುದಿನ ಬೆಳಿಗ್ಗೆ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿದರು. ಮೊದಲು ಅಲುಗಲಿಲ್ಲ. ಆಮೇಲೆ ಒಂದು ಇಂಚು. ಆಮೇಲೆ ಒಂದು ಸುತ್ತು.

ಬಾಡಿಯ ಮರವನ್ನು ಗೆದ್ದಲು ತಿಂದು ಮುಗಿಸಿತ್ತು. ಬ್ರೇಕಿನ ಸಿಲಿಂಡರುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಕ್ಲಚ್ ಪ್ಲೇಟು ಅಂಟಿಕೊಂಡಿತ್ತು. ಟಯರುಗಳು ಬಿರುಕು ಬಿಟ್ಟು ಕೆಲಸಕ್ಕೆ ಬಾರದವು. ಬೆಳೆಗಾರರು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡರು. ಮಧ್ಯಾಹ್ನ ಲೈನಿನ ಏರ್ ತೆಗೆದು, ಹೊಸ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆದರು. ಮೂರನೇ ಸಲಕ್ಕೆ ಕೆಮ್ಮಿತು. ಐದನೇ ಸಲಕ್ಕೆ ಕಪ್ಪು ಹೊಗೆ ಉಗುಳಿ ನಿಂತುಕೊಂಡಿತು. ಆ ಸದ್ದಿಗೆ ಉಮ್ಮ ಅಡಿಗೆ ಮನೆಯಿಂದ ಹೊರಬಂದು, ಹಿಂಬಾಗಿಲಲ್ಲಿ ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ನಿಂತರು. ಬಾಪ ಲೋಡು ಇಳಿಸಿ ರಾತ್ರಿ ಮನೆಗೆ ಬರುವಾಗ ಹೀಗೆಯೇ ನಿಲ್ಲುತ್ತಿದ್ದದ್ದು.

ಆಮೇಲೆ ಬೆಲೆಯ ಮಾತು. ಬೆಳೆಗಾರರು ಚೀಟಿ ತೋರಿಸಿ, "ರಿಪೇರಿಗೆ ಇಷ್ಟು ಬೇಕು. ನನ್ನಿಂದ 1,20,000 ಆಗುತ್ತದೆ. ಸಾಗಿಸುವ ಖರ್ಚು ನನ್ನದು" ಎಂದರು. ರೆಸಾರ್ಟಿನವರಿಗಿಂತ 80,000 ಕಡಿಮೆ. ಗುಜರಿಯವರಿಗಿಂತಲೂ 15,000 ಕಡಿಮೆ.

ಹತ್ತು ಸಾವಿರದ ಪ್ರಶ್ನೆ

ಇಂಜಿನ್ ಸದ್ದು ಕೇಳಿದ ಮೇಲೆ ಗಂಡುಮಕ್ಕಳಿಬ್ಬರ ಮನಸ್ಸು ಆಗಿಹೋಗಿತ್ತು. ಆದರೆ ಭಾವನೆಗೆ ಬೆಲೆ ಕಟ್ಟುವಾಗ ಯಾರ ಹಣದಿಂದ ಕಟ್ಟುತ್ತೇವೆ ಎಂದು ನೋಡಬೇಕಲ್ಲ. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆವು. 2,00,000ಕ್ಕೆ ಕೊಟ್ಟರೆ ಕಾಕನ 12,000 ಕಳೆದು ಒಂದು ಪಾಲಿಗೆ 23,500. 1,20,000ಕ್ಕೆ ಕೊಟ್ಟರೆ 13,500. ಒಂದು ಪಾಲಿಗೆ ಸರಿಯಾಗಿ 10,000 ವ್ಯತ್ಯಾಸ.

ಉಮ್ಮ, "ನನಗೆ ಕಡಿಮೆಯಾದರೆ ಆಗಲಿ" ಎಂದರು. ದೊಡ್ಡಕ್ಕನೂ ನಡುವಿನ ಅಕ್ಕನೂ ತಮ್ಮ ಬಾಯಿಂದಲೇ ಒಪ್ಪಿದರು. ಕಿರಿಯ ತಂಗಿ ಸುಮ್ಮನಿದ್ದಳು. ಅವಳ ಗಂಡನಿಗೆ ಎರಡು ವರ್ಷದಿಂದ ಕೆಲಸ ಸರಿಯಿಲ್ಲ. ಮಗಳ ಕಾಲೇಜಿನ ಫೀಸು ಕಟ್ಟಲು ಬಾಕಿ ಇದೆ ಎಂದು ನಮಗೆಲ್ಲ ಗೊತ್ತು. ಅವಳ ಮಟ್ಟಿಗೆ 10,000 ಒಂದು ದೊಡ್ಡ ಮೊತ್ತ. ನಾಲ್ಕು ಜನ ಹೂಂ ಎಂದ ಮೇಲೆ ಐದನೆಯವಳು ಊಹೂಂ ಎನ್ನುವುದು ಸುಲಭ ಅಲ್ಲ. ಆ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎಂದು ತಿಳಿದುಕೊಂಡೇ ನಮ್ಮ ಎಷ್ಟೋ ಮನೆಗಳಲ್ಲಿ ಪಾಲು ಆಗಿದೆ.

ಗಂಡುಮಕ್ಕಳಿಬ್ಬರೂ ತಮ್ಮ ಪಾಲಿನಿಂದ 5,000ದಂತೆ ಅವಳಿಗೆ ತುಂಬಿಸುವುದೆಂದು ಹೇಳಿದರು. ದಾನ ಎಂದಲ್ಲ, ಲಾರಿ ಓಡಬೇಕು ಎಂಬ ಆಸೆ ನಮ್ಮದು, ಅದರ ಖರ್ಚೂ ನಮ್ಮದು. ತಂಗಿ ಬೇಡ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. "ಹಾಗಾದರೆ ನನ್ನದೂ ಒಪ್ಪಿಗೆ" ಎಂದಳು. ಆಗ ಮಾತ್ರ ಬೆಳೆಗಾರರಿಗೆ ಫೋನು ಮಾಡಿದೆವು.

ಗುಜರಿಯವರಿಗೂ ಫೋನು ಮಾಡಿ ತಿಳಿಸಿದೆವು. "ಒಳ್ಳೆಯದಾಯ್ತು" ಎಂದರು. "ಹಳೆಯ ಟಯರು, ಬಾಡಿಯ ಕಬ್ಬಿಣ ಉಳಿದರೆ ನನಗೆ ಹೇಳಿ" ಎಂದೂ ಸೇರಿಸಿದರು. ವ್ಯಾಪಾರ ವ್ಯಾಪಾರವೇ.

ಕಾಗದದ ಓಡಾಟ

ತೀರಿಹೋದವರ ಹೆಸರಿನ ಗಾಡಿಯನ್ನು ನೇರ ಮಾರಲು ಬರುವುದಿಲ್ಲ. ಮರಣವಾದ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾವು ವರ್ಷಗಟ್ಟಲೆ ತಡ ಮಾಡಿದ್ದಕ್ಕೆ ದಂಡ ಕಟ್ಟಿದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಆಕ್ಷೇಪ ಇಲ್ಲ ಎಂಬ ಅಫಿಡವಿಟ್, ಪೆನ್ಸಿಲಿನಿಂದ ಉಜ್ಜಿ ತೆಗೆದ ಚೇಸಿಸ್ ನಂಬರಿನ ಅಚ್ಚು ಎಲ್ಲ ಬೇಕಾಯಿತು. ಕೈಬರಹದ ಆರ್‌ಸಿ ಆದ ಕಾರಣ ಕಂಪ್ಯೂಟರಿನಲ್ಲಿ ನಮ್ಮ ನಂಬರೇ ಇರಲಿಲ್ಲ. ಹಳೆಯ ದಾಖಲೆ ಹುಡುಕಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿದ ಮೇಲೆ ಮುಂದಿನ ಕೆಲಸ. ಆಮೇಲೆ ಮಾರಾಟಕ್ಕೆ ಫಾರ್ಮ್ 29 ಮತ್ತು 30. ಐದು ಸಲ ಕಚೇರಿಗೆ ಹೋದೆವು. ಬಾಪನ ಪೆಟ್ಟಿಗೆ ಇಲ್ಲದಿದ್ದರೆ ಐವತ್ತು ಸಲ ಹೋದರೂ ಆಗುತ್ತಿರಲಿಲ್ಲ.

ಹಣ ಬಂದ ದಿನ ಮಗ್ರಿಬ್ ಆದ ಮೇಲೆ ಮೊದಲು ಕಾಕನ ಮನೆಗೆ ಹೋದೆವು. ಡೈರಿಯ ಪುಟ ತೋರಿಸಿ 12,000 ಅವರ ಮುಂದೆ ಇಟ್ಟೆವು. ಗಂಡುಮಕ್ಕಳು ಬೇರೆಯಾಗಿ ತಮ್ಮ ಕೈಯಿಂದ ಒಂದಿಷ್ಟು ತಂದಿದ್ದೆವು, ಅದನ್ನೂ ಇಟ್ಟೆವು. ಅಂದಿನ 12,000 ಇಂದಿನ 12,000 ಅಲ್ಲವಲ್ಲ.

ಕಾಕ ಡೈರಿಯ ಪುಟವನ್ನು ತುಂಬ ಹೊತ್ತು ನೋಡಿದರು. "ನನ್ನ ಮಗಳ ಮದುವೆಗೆ ಅವರು ಕೊಟ್ಟದ್ದು ಇದಕ್ಕಿಂತ ಜಾಸ್ತಿ. ಅದನ್ನು ಬರೆದಿಟ್ಟಿದ್ದಾರಾ?"

ಹುಡುಕಿದೆವು. ಇರಲಿಲ್ಲ. ಕೊಡಬೇಕಾದದ್ದನ್ನು ಮಾತ್ರ ಬರೆದಿದ್ದರು. ಕೊಟ್ಟದ್ದನ್ನು ಬರೆದಿರಲಿಲ್ಲ.

ಕಾಕ ಎರಡನ್ನೂ ತೆಗೆದುಕೊಂಡರು. ಎಣಿಸದೆ ಕಿಸೆಗೆ ಹಾಕಿ, "ಇನ್ನು ಅವರ ಮೇಲೆ ನನ್ನದು ಏನೂ ಇಲ್ಲ" ಎಂದರು. ಆ ಮಾತು ಕೇಳಲಿಕ್ಕೇ ನಾವು ಹೋದದ್ದು.

ಶೆಡ್ ಖಾಲಿ

ಲಾರಿ ಹೋದದ್ದು ಒಂದು ಶನಿವಾರ ಬೆಳಿಗ್ಗೆ. ಬ್ರೇಕಿಲ್ಲದ, ಎಫ್‌ಸಿ ಇಲ್ಲದ ಗಾಡಿಯನ್ನು ರೋಡಿಗೆ ಇಳಿಸುವುದಿಲ್ಲ ಎಂದು ಬೆಳೆಗಾರರು ಟ್ರೇಲರ್ ತಂದಿದ್ದರು. ಎಲ್ಲ ರಿಪೇರಿ ಮಾಡಿಸಿ ಎಫ್‌ಸಿ ಆದ ಮೇಲೆಯೇ ಓಡಿಸುವುದಂತೆ. ಹುಡುಗರು ಚೈನು ಕಟ್ಟಿದ್ದು ಕಾಕನಿಗೆ ಹಿಡಿಸಲಿಲ್ಲ. ಎಪ್ಪತ್ತು ದಾಟಿದ ಅವರು ಲುಂಗಿ ಮೇಲೆ ಕಟ್ಟಿ ಟ್ರೇಲರ್ ಹತ್ತಿ, ಎಲ್ಲವನ್ನೂ ಬಿಚ್ಚಿಸಿ ಮೊದಲಿಂದ ಕಟ್ಟಿಸಿದರು. "ಶಿರಾಡಿಯ ತಿರುವು ನಿಮಗೆ ಗೊತ್ತಿಲ್ಲ" ಎಂದರು.

ಹೊರಡುವ ಮೊದಲು ಬೆಳೆಗಾರರು ದೊಡ್ಡಕ್ಕನನ್ನು ಕೇಳಿದರು. "ಅಮ್ಮ, ಮೇಲೆ ಬರೆದ ಹೆಸರು ನಿಮ್ಮದಂತೆ. ಪೈಂಟ್ ಹೊಡೆಯುವಾಗ ಹಾಗೇ ಬಿಡಲಾ?"

ಅಕ್ಕ ಸ್ವಲ್ಪ ಯೋಚಿಸಿ ಹೇಳಿದಳು. "ಬೇಡ. ನಿಮಗೆ ಮಗಳಿದ್ದರೆ ಅವಳ ಹೆಸರು ಬರೆಸಿ. ಬಾಪ ಕೊಂಡಾಗಲೂ ಅಲ್ಲಿ ಬೇರೆ ಯಾರದ್ದೋ ಹೆಸರು ಇತ್ತಂತೆ."

ಟ್ರೇಲರ್ ಗೇಟು ದಾಟಿತು. ಶೆಡ್ಡಿನ ನೆಲದಲ್ಲಿ ನಾಲ್ಕು ಕಡೆ ಕೆಂಪುಕಲ್ಲಿನ ರಾಶಿ, ನಡುವೆ ಆಯಿಲಿನ ಕಲೆ, ಕೋಳಿಯ ಎರಡು ಮೊಟ್ಟೆ. ತಮ್ಮನ ಮನೆಯ ಪಂಚಾಂಗಕ್ಕೆ ಆ ಕಲ್ಲುಗಳೇ ಮೊದಲು ಹೋದವು.

ನಮ್ಮಂಥ ಎಷ್ಟೋ ಮನೆಗಳ ಹಿತ್ತಲಿನಲ್ಲಿ ಹೀಗೆ ಒಂದು ಲಾರಿ, ಜೀಪು, ಟೆಂಪೋ ನಿಂತಿರಬಹುದು. ಅದಕ್ಕೆ ಗಿರಾಕಿ ಹುಡುಕುವ ಮೊದಲು ಕಾಗದದ ಪೆಟ್ಟಿಗೆ ತೆರೆದು ನೋಡಿ. ಬಾಕಿ ಇದ್ದವರ ಹೆಸರು ಅದರಲ್ಲಿ ಇದ್ದರೂ ಇರಬಹುದು. ಆಮೇಲೆ ಅಕ್ಕ ತಂಗಿಯರನ್ನು ಕರೆದು ಒಂದು ಚಹಾಕ್ಕೆ ಕೂತುಕೊಳ್ಳಿ. ಬೆಲೆಯ ಮಾತು ಅದರ ನಂತರ ಸಾಕು.